ಬ್ಯಾಡ್ಮಿಂಟನ್‌ನ ಆಲ್ ಇಂಗ್ಲೆಂಡ್ ಟೂರ್ನಿ ಅಂದ್ರೆ ಯಾಕೆ ಅಷ್ಟು ಗೌರವ? ಹಳೆಯ ಕಥೆ ಗೊತ್ತಿದ್ದವರು ಹೇಳಿ

ಯಲಹಂಕದ ಅಮ್ಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಹನ್ನೆರಡು ವರ್ಷ. ಮನೆ ಹತ್ತಿರದ ಕೋರ್ಟ್‌ನಲ್ಲಿ ಶಟಲ್ ಕಲಿಯುತ್ತಿದ್ದಾಳೆ. ಅವಳ ಕೋಚ್ ಮಾತೆತ್ತಿದರೆ ಆಲ್ ಇಂಗ್ಲೆಂಡ್ ಅನ್ನುತ್ತಾರೆ. "ಆಲ್ ಇಂಗ್ಲೆಂಡ್ ಗೆದ್ದವರೇ ಗೆದ್ದವರು" ಅಂತ.

ನನಗೆ ಇದು ಪೂರ್ತಿ ಅರ್ಥ ಆಗುತ್ತಿಲ್ಲ. ಒಲಿಂಪಿಕ್ಸ್ ಇದೆ. ವಿಶ್ವ ಚಾಂಪಿಯನ್‌ಷಿಪ್ ಇದೆ. 2019ರಲ್ಲಿ ಬಾಸೆಲ್‌ನಲ್ಲಿ ಸಿಂಧು ಚಿನ್ನ ಗೆದ್ದಾಗ ಮನೆಯವರೆಲ್ಲ ಟಿವಿ ಮುಂದೆಯೇ ಇದ್ದೆವು. ಈಗಿನ ಲೆಕ್ಕದಲ್ಲಿ ಆಲ್ ಇಂಗ್ಲೆಂಡ್ ಸೂಪರ್ 1000 ಅನ್ನೋ ದರ್ಜೆಯ ಟೂರ್ನಿಗಳಲ್ಲಿ ಒಂದು ಅಷ್ಟೇ ಅಲ್ವಾ? ಮಲೇಷ್ಯಾ, ಇಂಡೋನೇಷ್ಯಾ, ಚೀನಾ ಓಪನ್‌ಗಳೂ ಅದೇ ದರ್ಜೆಯವು.

ಮಗಳು ಶಾಲೆಯ ಪ್ರಾರ್ಥನೆ ಸಮಯದಲ್ಲಿ, 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಪ್ರಕಾಶ್ ಪಡುಕೋಣೆ ಬಗ್ಗೆ ಮೂರು ನಿಮಿಷ ಮಾತಾಡಬೇಕು. ನಿನ್ನೆ ರಾತ್ರಿ ಊಟ ಮಾಡುವಾಗ ಕೇಳಿದಳು: "ಒಂದು ದೇಶದ ಹೆಸರಿರೋ ಟೂರ್ನಿ ಗೆದ್ದರೆ ಪ್ರಪಂಚ ಗೆದ್ದ ಹಾಗೆ ಹೇಗಮ್ಮಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಕಿದರೆ ಬರೀ ಗೆದ್ದವರ ಪಟ್ಟಿ ಸಿಗುತ್ತದೆ. ಆ ಕಾಲ ನೋಡಿದವರು, ಆಟ ಗೊತ್ತಿರುವವರು ಯಾರಾದರೂ ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಮಲ್ಲೇಶ್ವರ ಗಟ್ಟಿಂಗ್ ಉತ್ತರ:

ಮೇಡಂ, ನಿಮ್ಮ ಮಗಳು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾಳೆ. ನಾನು ಮಲ್ಲೇಶ್ವರದಲ್ಲಿ ಗಟ್ಟಿಂಗ್, ಅಂದರೆ ರಾಕೆಟ್‌ಗೆ ತಂತಿ ಕಟ್ಟುವ ಕೆಲಸ ಮಾಡುವವನು. ಹುಟ್ಟಿ ಬೆಳೆದಿದ್ದೂ ಇಲ್ಲೇ. 1980ರಲ್ಲಿ ಹೈಸ್ಕೂಲಿನಲ್ಲಿದ್ದೆ. ಈ ವಿಷಯ ಬಂದರೆ ನನಗೆ ಮಾತು ಜಾಸ್ತಿ. ನಿಧಾನವಾಗಿ ಓದಿ.

ಮೊದಲು ಮಗಳ ಪ್ರಶ್ನೆಗೆ ನೇರ ಉತ್ತರ. ಬ್ಯಾಡ್ಮಿಂಟನ್‌ಗೆ ವಿಶ್ವ ಚಾಂಪಿಯನ್‌ಷಿಪ್ ಅಂತ ಶುರುವಾಗಿದ್ದೇ 1977ರಲ್ಲಿ, ಸ್ವೀಡನ್ನಿನ ಮಾಲ್ಮೋದಲ್ಲಿ. ಆಲ್ ಇಂಗ್ಲೆಂಡ್ ಶುರುವಾಗಿದ್ದು 1899ರಲ್ಲಿ. ನಡುವೆ 78 ವರ್ಷ. ಅಷ್ಟೂ ಕಾಲ ಒಬ್ಬ ಆಟಗಾರ "ನಾನೇ ಎಲ್ಲರಿಗಿಂತ ಚೆನ್ನಾಗಿ ಆಡ್ತೀನಿ" ಅಂತ ತೋರಿಸಬೇಕಾದರೆ ಲಂಡನ್‌ಗೇ ಹೋಗಬೇಕಿತ್ತು. ಇದು ವಿಶ್ವ ಚಾಂಪಿಯನ್‌ಷಿಪ್ ಅಂತ ಯಾರೂ ಮೊಹರು ಒತ್ತಿರಲಿಲ್ಲ. ಆಟಗಾರರೇ ದೂರದ ದೇಶಗಳಿಂದ ಬಂದು ಬಂದು ಅದನ್ನು ಹಾಗೆ ಮಾಡಿದರು. ನನ್ನ ಮಟ್ಟಿಗೆ ಆಲ್ ಇಂಗ್ಲೆಂಡ್‌ನ ಗೌರವ ಇಂಗ್ಲೆಂಡ್‌ನದ್ದಲ್ಲ, ಹೊರಗಿನಿಂದ ಬಂದವರದ್ದು.

ಶುರುವಾಗಿದ್ದು ತುಂಬಾ ಚಿಕ್ಕದಾಗಿ. 1899ರ ಏಪ್ರಿಲ್ 4, ಲಂಡನ್‌ನ ಬಕಿಂಗ್‌ಹ್ಯಾಂ ಗೇಟ್ ಹತ್ತಿರ ಒಂದು ರೈಫಲ್ ದಳದ ಡ್ರಿಲ್ ಹಾಲ್. ಒಂದೇ ದಿನದ ಟೂರ್ನಿ. ಬರೀ ಡಬಲ್ಸ್: ಗಂಡಸರದ್ದು, ಹೆಂಗಸರದ್ದು, ಮಿಕ್ಸೆಡ್ (ಗಂಡು-ಹೆಣ್ಣು ಜೋಡಿ). ಸಿಂಗಲ್ಸ್ ಸೇರಿದ್ದು ಮರುವರ್ಷ. ಆಗಿನ ಕೋರ್ಟ್ ಈಗಿನ ಹಾಗೆ ಉದ್ದ ಚೌಕ ಇರಲಿಲ್ಲ. ನೆಟ್ ಹತ್ತಿರ ಸೊಂಟ ಹಿಡಿದ ಹಾಗೆ ಕಿರಿದಾಗಿ, ಹಿಂದೆ ಹೋದಂತೆ ಅಗಲ ಆಗುತ್ತಿತ್ತು. 1901ರಲ್ಲಿ ಅದನ್ನು ತೆಗೆದು ಈಗಿನ ಆಕಾರ ತಂದರು. ಇದನ್ನು ಮಗಳಿಗೆ ಹೇಳಿ, ಮಕ್ಕಳಿಗೆ ಇಷ್ಟ ಆಗುತ್ತದೆ.

ಆಮೇಲೆ ಸುಮಾರು ನಲವತ್ತು ವರ್ಷ ಅದು ಹೆಚ್ಚುಕಮ್ಮಿ ಇಂಗ್ಲಿಷರ ಮತ್ತು ಐರಿಷರ ಮನೆ ಆಟ. ಸರ್ ಜಾರ್ಜ್ ಥಾಮಸ್ ಅಂತ ಒಬ್ಬರಿದ್ದರು. 1920ರಿಂದ 1923ರವರೆಗೆ ನಾಲ್ಕು ವರ್ಷ ಸಾಲಾಗಿ ಸಿಂಗಲ್ಸ್ ಗೆದ್ದರು. ಅವರೇ ಚೆಸ್‌ನಲ್ಲಿ ಬ್ರಿಟಿಷ್ ಚಾಂಪಿಯನ್ ಕೂಡ! 2022ರಲ್ಲಿ ಬ್ಯಾಂಕಾಕ್‌ನಲ್ಲಿ ನಮ್ಮ ಹುಡುಗರು ಇಂಡೋನೇಷ್ಯಾವನ್ನು 3-0ಯಲ್ಲಿ ಸೋಲಿಸಿ ಎತ್ತಿದರಲ್ಲ ಥಾಮಸ್ ಕಪ್, ಅದು ಇವರು ಕೊಟ್ಟ ಕಪ್.

1939ರಲ್ಲಿ ಡೆನ್ಮಾರ್ಕ್‌ನ ಟಾಗೆ ಮ್ಯಾಡ್ಸೆನ್ ಸಿಂಗಲ್ಸ್ ಗೆದ್ದರು. ಅಲ್ಲಿಂದ ಬಾಗಿಲು ತೆರೆಯಿತು. ಮಧ್ಯೆ ಯುದ್ಧ ಬಂದು 1940ರಿಂದ 1946ರವರೆಗೆ ಟೂರ್ನಿಯೇ ಇಲ್ಲ. ಮತ್ತೆ ಶುರುವಾದ ಮೇಲೆ ನೋಡಿ. ಸ್ವೀಡನ್, ಅಮೆರಿಕ, ಮಲಯಾ, ಡೆನ್ಮಾರ್ಕ್, ಇಂಡೋನೇಷ್ಯಾ. 1950ರಲ್ಲಿ ಮಲಯಾದ ವಾಂಗ್ ಪೆಂಗ್ ಸೂನ್ ಗೆದ್ದರು. ಈ ಪಟ್ಟ ಗೆದ್ದ ಮೊದಲ ಏಷ್ಯಾದ ಗಂಡಸು ಅವರು. ಡೆನ್ಮಾರ್ಕ್‌ನ ಎರ್ಲಾಂಡ್ ಕಾಪ್ಸ್ ಏಳು ಸಲ. ಇಂಡೋನೇಷ್ಯಾದ ರೂಡಿ ಹಾರ್ಟೊನೊ ಎಂಟು ಸಲ, ಅದರಲ್ಲಿ ಏಳು ಒಂದೇ ಸಾಲಿನಲ್ಲಿ, 1968ರಿಂದ 1974. ಇಂಗ್ಲೆಂಡ್‌ನ ಗಂಡಸು ಕೊನೆಯ ಸಲ ಸಿಂಗಲ್ಸ್ ಗೆದ್ದಿದ್ದು 1938ರಲ್ಲಿ, ರಾಲ್ಫ್ ನಿಕೋಲ್ಸ್. ಅಂದರೆ ಹಾಲ್ ಅವರದ್ದು, ಕಪ್ ಬೇರೆಯವರದ್ದು. ಮಗಳ ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಉತ್ತರ ನನಗೆ ಗೊತ್ತಿಲ್ಲ.

ಈಗ ನಮ್ಮ ಕಥೆ. ಇದು 1980ರಿಂದ ಶುರುವಾಗುವುದಿಲ್ಲ, 1947ರಿಂದ ಶುರುವಾಗುತ್ತದೆ. ಯುದ್ಧದ ನಂತರದ ಮೊದಲ ಆಲ್ ಇಂಗ್ಲೆಂಡ್ ಅದು. ಲಾಹೋರ್‌ನ ಪ್ರಕಾಶ್ ನಾಥ್ ಮತ್ತು ಅವರ ಗೆಳೆಯ ದೇವಿಂದರ್ ಮೋಹನ್ ಲಂಡನ್‌ಗೆ ಹೋದರು. ಆಟದ ಮಧ್ಯದಲ್ಲಿ ಇಬ್ಬರೂ ಎದುರುಬದುರು ಬೀಳಬೇಕಾಯಿತು. ಇಬ್ಬರೂ ಆಡಿ ಸುಸ್ತಾದರೆ ಮುಂದಿನ ಮ್ಯಾಚಿಗೆ ಯಾರಿಗೂ ಉಸಿರಿರುವುದಿಲ್ಲ. ಅದಕ್ಕೆ ನಾಣ್ಯ ಚಿಮ್ಮಿ ನಿರ್ಧಾರ ಮಾಡಿಕೊಂಡರಂತೆ. ನಾಥ್ ಮುಂದೆ ಹೋದರು. ಫೈನಲ್‌ಗೂ ಬಂದರು. ಫೈನಲ್ ದಿನ ಪೇಪರ್‌ನಲ್ಲಿ ಲಾಹೋರ್ ಉರಿಯುತ್ತಿರುವ ಚಿತ್ರ ನೋಡಿದರು ಅಂತ ಹಳೆಯ ಆಟಗಾರರು ಹೇಳುತ್ತಾರೆ. ಅವರ ಮನೆ ಇದ್ದ ಊರು. ಮನೆಯವರ ಗತಿ ಏನಾಯಿತೋ ಗೊತ್ತಿಲ್ಲ. ಆ ಮನಸ್ಸು ಇಟ್ಟುಕೊಂಡು ಕೋರ್ಟ್‌ಗೆ ಇಳಿದರು, ಸ್ವೀಡನ್ನಿನ ಕಾನಿ ಜೆಪ್ಸೆನ್ ಎದುರು ಸೋತರು. ಈ ಕಥೆ ನಮ್ಮ ಮಕ್ಕಳಿಗೆ ಯಾರೂ ಹೇಳುವುದಿಲ್ಲ. ರನ್ನರ್ ಅಪ್ ಅಂತ ಒಂದು ಸಾಲು ಬರೆದು ಮುಗಿಸುತ್ತಾರೆ. ನನಗೆ ಇದು ಬಹಳ ಬೇಸರದ ವಿಷಯ.

ಇನ್ನು 1980. ಆಗ ಬೆಂಗಳೂರಿಗೆ ಟಿವಿ ಇನ್ನೂ ಬಂದಿರಲಿಲ್ಲ. ಫೈನಲ್ ನಡೆದಿದ್ದು ಮಾರ್ಚ್ 23, ಭಾನುವಾರ, ಲಂಡನ್‌ನ ವೆಂಬ್ಲಿಯಲ್ಲಿ. ನಮ್ಮ ಮನೆಗೆ ಸುದ್ದಿ ಬಂದಿದ್ದು ರೇಡಿಯೋದಲ್ಲಿ. ಅಪ್ಪ ಬೆಳಿಗ್ಗೆ ರೇಡಿಯೋ ಕಿವಿ ತಿರುಚಿ ಜೋರು ಮಾಡಿದರು. ಆಮೇಲೆ ಪೇಪರ್ ಬಂತು. ನಮ್ಮ ಬೀದಿಯಲ್ಲಿ ಒಂದೇ ಪೇಪರ್ ನಾಲ್ಕು ಮನೆ ಸುತ್ತಿತು.

ನಮಗೆ ಪ್ರಕಾಶ್ ಅವರು ದೂರದ ಹೀರೋ ಅಲ್ಲ. ಅವರ ತಂದೆ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಗೆ ಬಹಳ ವರ್ಷ ಕಾರ್ಯದರ್ಶಿಯಾಗಿದ್ದವರು. ಪ್ರಕಾಶ್ ಅವರು ಆಟ ಕಲಿತಿದ್ದು ಮನೆ ಹತ್ತಿರದ ಕೆನರಾ ಯೂನಿಯನ್ ಹಾಲ್‌ನಲ್ಲಿ. ಅದು ಮದುವೆ ಹಾಲ್. ಮುಹೂರ್ತ ಇದ್ದ ದಿನ ಆಟ ಇಲ್ಲ. ಮದುವೆ ಇಲ್ಲದ ದಿನ ಸ್ಕೂಲ್ ಬಿಟ್ಟ ತಕ್ಷಣ ಓಡಿಹೋಗಿ ಆಡೋದು. ಅಲ್ಲಿಂದ ಬಂದ ಹುಡುಗ 1971ರ ಸಾಲಿನಲ್ಲಿ ಜೂನಿಯರ್ ಮತ್ತು ಸೀನಿಯರ್ ಎರಡೂ ರಾಷ್ಟ್ರೀಯ ಪಟ್ಟ ಗೆದ್ದರು. ಅದೂ ಸೇರಿ ಸಾಲಾಗಿ ಒಂಬತ್ತು ಸಲ ರಾಷ್ಟ್ರೀಯ ಚಾಂಪಿಯನ್. 1978ರಲ್ಲಿ ಎಡ್ಮಂಟನ್ ಕಾಮನ್‌ವೆಲ್ತ್‌ನಲ್ಲಿ ಚಿನ್ನ. 1980ರಲ್ಲಿ ಡ್ಯಾನಿಷ್ ಓಪನ್, ಸ್ವೀಡಿಷ್ ಓಪನ್ ಗೆದ್ದು ವೆಂಬ್ಲಿಗೆ ಬಂದಿದ್ದರು.

ಎದುರಿಗೆ ಇಂಡೋನೇಷ್ಯಾದ ಲಿಯೆಂ ಸ್ವೀ ಕಿಂಗ್. ಹಿಂದಿನ ಎರಡು ವರ್ಷವೂ ಅವರೇ ಚಾಂಪಿಯನ್. ಇಬ್ಬರಿಗೂ ಇಪ್ಪತ್ತನಾಲ್ಕು ವರ್ಷ. ಕಿಂಗ್ ಅಂದರೆ ನೆಗೆದು ಹೊಡೆಯುವ ಸ್ಮ್ಯಾಶ್. ಕಾಕ್ (ಗರಿಯ ಚೆಂಡು) ಮೇಲಕ್ಕೆ ಹೋದರೆ ಸಾಕು, ಮುಗಿಯಿತು ಅಂತಲೇ ಲೆಕ್ಕ. ಅಂಥವರಿಗೆ ಅಷ್ಟೇ ಜೋರಾಗಿ ಹೊಡೆದು ಉತ್ತರ ಕೊಡೋಣ ಅಂತ ಹೋದವರು ಸೋತಿದ್ದರು. ಪ್ರಕಾಶ್ ಅವರು ಹೊಡೆತಕ್ಕೆ ಹೋಗಲಿಲ್ಲ. ವೇಗ ಇಳಿಸಿದರು. ನೆಟ್ ಹತ್ತಿರ ಡ್ರಿಬಲ್, ಅರ್ಧ ಸ್ಮ್ಯಾಶ್, ಡ್ರಾಪ್, ಹಿಂದಿನ ಮೂಲೆಗೆ ಟಾಸ್. ಒಂದೇ ಕೈ ಬೀಸು, ಕೊನೆ ಗಳಿಗೆಯಲ್ಲಿ ಮಣಿಕಟ್ಟು ಬೇರೆ ಕಡೆ. ಕಿಂಗ್ ನೆಗೆಯೋದಕ್ಕೆ ಕಾಲು ಊರುವಷ್ಟರಲ್ಲಿ ಕಾಕ್ ಇನ್ನೆಲ್ಲೋ ಬಿದ್ದಿರುತ್ತಿತ್ತು. 15-3, 15-10. ಎರಡೇ ಗೇಮ್.

ಈಗಿನ ಮಕ್ಕಳಿಗೆ ಒಂದು ವಿಷಯ ಹೇಳಬೇಕು. ಆಗ ಸರ್ವಿಸ್ ಮಾಡಿದವರಿಗೆ ಮಾತ್ರ ಪಾಯಿಂಟ್. ಎದುರಿನವರ ಸರ್ವಿಸ್‌ನಲ್ಲಿ ರ‍್ಯಾಲಿ ಗೆದ್ದರೆ ಬರೀ ಸರ್ವಿಸ್ ಕೈಗೆ ಬರುತ್ತದೆ, ಪಾಯಿಂಟ್ ಬರಲ್ಲ. ಈಗಿನ 21ರ ಲೆಕ್ಕ ಬಂದಿದ್ದು 2006ರಲ್ಲಿ. ಆದ್ದರಿಂದ ಎರಡು ಸಲದ ಚಾಂಪಿಯನ್‌ಗೆ ಒಂದು ಗೇಮ್‌ನಲ್ಲಿ ಮೂರೇ ಪಾಯಿಂಟ್ ಕೊಟ್ಟಿದ್ದು ಅಂದರೆ, ಗೇಮ್ ಪೂರ್ತಿ ಅವರನ್ನು ಸರ್ವಿಸ್ ಮೇಲೆ ಉಸಿರಾಡೋದಕ್ಕೇ ಬಿಡಲಿಲ್ಲ ಅಂತ.

ಊರಿಗೆ ಬಂದಾಗ ತೆರೆದ ಗಾಡಿಯಲ್ಲಿ ಮೆರವಣಿಗೆ ಆಯಿತು. ಕ್ರಿಕೆಟ್‌ಗೂ ಅಂಥ ಜನ ನಾನು ಆಗ ನೋಡಿರಲಿಲ್ಲ. ಅದಾದ ಮೇಲೆ ನಮ್ಮ ಏರಿಯಾದಲ್ಲಿ ರಾಕೆಟ್ ಕೇಳಿಕೊಂಡು ಬರುವ ಮಕ್ಕಳೇ ಮಕ್ಕಳು. ಮರದ ರಾಕೆಟ್ ಕಾಲ ಅದು. ಮಳೆಗಾಲದಲ್ಲಿ ಬಾಗಬಾರದು ಅಂತ ನಾಲ್ಕು ಮೂಲೆಗೆ ಸ್ಕ್ರೂ ಇರುವ ಪ್ರೆಸ್ ಹಾಕಿ ಇಡುತ್ತಿದ್ದೆವು. ನನಗೆ ಗಟ್ಟಿಂಗ್ ಕಲಿಸಿದ ಮೇಷ್ಟ್ರು ಆಗ ಹೇಳುತ್ತಿದ್ದ ಮಾತು ಇವತ್ತಿಗೂ ನನ್ನ ಗಿರಾಕಿಗಳಿಗೆ ಹೇಳುತ್ತೇನೆ: ತಂತಿ ಬಿಗಿ ಜಾಸ್ತಿ ಮಾಡಿದರೆ ಆಟ ಜಾಸ್ತಿ ಆಗಲ್ಲ. ಎಂಟನೇ ಕ್ಲಾಸ್ ಹುಡುಗರು ಬಂದು 28 ಪೌಂಡ್ ಬಿಗಿ ಕೇಳುತ್ತಾರೆ. ವೆಂಬ್ಲಿ ಫೈನಲ್ ಗೆದ್ದಿದ್ದು ಬಿಗಿಯಿಂದಲ್ಲ, ಕೈಯಿಂದ.

ಬಸವನಗುಡಿ ಡಬಲ್ಸ್ ಉತ್ತರ:

ಸರ್, ಓದುತ್ತಾ ಮೈ ಜುಂ ಅಂದಿತು. ಆದರೆ ಕೇಳಿದ್ದು ಒಬ್ಬ ಹೆಣ್ಣುಮಗಳು. ಹೆಣ್ಣುಮಕ್ಕಳ ಕಥೆಯೂ ಬರಲಿ. ನಾನು ಯೂನಿವರ್ಸಿಟಿಗೆ ಡಬಲ್ಸ್ ಆಡಿದವಳು, ಈಗ ಪುಟ್ಟ ಮಕ್ಕಳಿಗೆ ಕಲಿಸುತ್ತೇನೆ.

ಆಲ್ ಇಂಗ್ಲೆಂಡ್‌ನಲ್ಲಿ ಹೆಂಗಸರು ಮೊದಲ ದಿನದಿಂದಲೂ ಇದ್ದಾರೆ. ಒಲಿಂಪಿಕ್ಸ್ ನೋಡಿ. 1896ರ ಮೊದಲ ಒಲಿಂಪಿಕ್ಸ್‌ನಲ್ಲಿ ಒಬ್ಬ ಹೆಂಗಸೂ ಆಡಲಿಲ್ಲ. ಅದಾದ ಮೂರೇ ವರ್ಷಕ್ಕೆ ಈ ಟೂರ್ನಿಯ ಮೂರು ವಿಭಾಗಗಳಲ್ಲಿ ಎರಡರಲ್ಲಿ ಹೆಂಗಸರು. ನನಗೆ ಈ ಟೂರ್ನಿ ಇಷ್ಟ ಆಗುವುದಕ್ಕೆ ಇದೇ ದೊಡ್ಡ ಕಾರಣ.

ಮೊದಲ ಮಹಿಳಾ ಸಿಂಗಲ್ಸ್ ಗೆದ್ದ ಎಥೆಲ್ ಥಾಮ್ಸನ್ ಮುಂದೆ 1912ರಲ್ಲಿ ವಿಂಬಲ್ಡನ್ ಕೂಡ ಗೆದ್ದರು. ಕಿಟ್ಟಿ ಮೆಕೇನ್ ನಾಲ್ಕು ಸಲ ಆಲ್ ಇಂಗ್ಲೆಂಡ್ ಸಿಂಗಲ್ಸ್, ಎರಡು ಸಲ ವಿಂಬಲ್ಡನ್. ಚಳಿಗಾಲಕ್ಕೆ ಶಟಲ್, ಬೇಸಿಗೆಗೆ ಟೆನಿಸ್. ಈಗ ಯೋಚನೆ ಮಾಡಿದರೆ ನಂಬೋದೇ ಕಷ್ಟ.

ಎಲ್ಲರಿಗಿಂತ ಮೇಲೆ ನಾನು ಇಡುವುದು ಜೂಡಿ ಡೆವ್ಲಿನ್ ಅವರನ್ನು. ಮದುವೆ ಆದಮೇಲೆ ಜೂಡಿ ಹ್ಯಾಷ್ಮನ್. ತಂದೆ ಫ್ರಾಂಕ್ ಡೆವ್ಲಿನ್ ಐರ್ಲೆಂಡಿನವರು, ಆರು ಸಲ ಸಿಂಗಲ್ಸ್ ಚಾಂಪಿಯನ್. ಮಗಳು ಹತ್ತು ಸಲ! 1954ರಿಂದ 1967ರ ನಡುವೆ. ಹಾರ್ಟೊನೊ ಅವರ ಎಂಟಕ್ಕೆ ಎಲ್ಲರೂ ಕೈ ಮುಗಿಯುತ್ತಾರೆ, ಇವರ ಹತ್ತು ಯಾರಿಗೂ ನೆನಪಾಗಲ್ಲ. ಅಕ್ಕ ಸೂಸನ್ ಜೊತೆ ಡಬಲ್ಸ್ ಪಟ್ಟಗಳು ಬೇರೆ. ಮನೆಯಲ್ಲೇ ಜೋಡಿ ಇದ್ದರೆ ಎಂಥ ಅನುಕೂಲ ಅಂತ ಡಬಲ್ಸ್ ಆಡಿದವರಿಗೆ ಗೊತ್ತು. ಕೂಗಿ ಹೇಳಬೇಕಾಗಿಲ್ಲ, ಯಾರು ಮುಂದೆ ಯಾರು ಹಿಂದೆ ಅಂತ ಕಾಲಿನ ಸದ್ದಿಗೇ ತಿಳಿಯುತ್ತದೆ. 1976ರಲ್ಲಿ ಇಂಗ್ಲೆಂಡ್‌ನ ಗಿಲಿಯನ್ ಗಿಲ್ಕ್ಸ್ ಒಂದೇ ವರ್ಷ ಸಿಂಗಲ್ಸ್, ಡಬಲ್ಸ್, ಮಿಕ್ಸೆಡ್ ಮೂರೂ ಗೆದ್ದರು. ಇವತ್ತು ಒಂದೇ ವಿಭಾಗ ಆಡಿ ಮುಗಿಸುವಷ್ಟರಲ್ಲಿ ಮೊಣಕಾಲಿಗೆ ಐಸ್ ಕಟ್ಟಿಕೊಂಡು ಕೂರುತ್ತಾರೆ.

ನಮ್ಮವರಲ್ಲಿ ಫೈನಲ್ ತನಕ ಹೋದ ಮೊದಲ ಹೆಣ್ಣುಮಗಳು ಸೈನಾ, 2015ರಲ್ಲಿ. ಮೊದಲ ಗೇಮ್ 21-16ಕ್ಕೆ ಗೆದ್ದರು. ಆಮೇಲೆ ಸ್ಪೇನ್‌ನ ಕರೋಲಿನಾ ಮರಿನ್ 21-14, 21-7 ಅಂತ ತಿರುಗಿಸಿಬಿಟ್ಟರು. ಆ ಸಮಯದಲ್ಲಿ ಸೈನಾ ನಮ್ಮ ಬೆಂಗಳೂರಲ್ಲೇ ಇದ್ದರು, ವಿಮಲ್ ಕುಮಾರ್ ಅವರ ಹತ್ತಿರ ತರಬೇತಿ. ಆ ಮೂರನೇ ಗೇಮ್ ನನಗೆ ಈಗಲೂ ನೋಡೋದಕ್ಕೆ ಆಗಲ್ಲ. ಸುಮ್ನೆ ಹೊಟ್ಟೆ ಸಂಕಟ ಆಗುತ್ತದೆ.

ಪಾಯಿಂಟ್ ಟೇಬಲ್ ಉತ್ತರ:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಈಗಿನ ಆಟಗಾರರಿಗೆ ರ‍್ಯಾಂಕಿಂಗ್ ಮುಖ್ಯ. ವಿಶ್ವ ಚಾಂಪಿಯನ್‌ಗೆ 13,000 ಪಾಯಿಂಟ್, ಸೂಪರ್ 1000 ಗೆದ್ದವರಿಗೆ 12,000. ಆಲ್ ಇಂಗ್ಲೆಂಡ್ ಗೆದ್ದರೂ ಅಷ್ಟೇ, ಚೀನಾ ಓಪನ್ ಗೆದ್ದರೂ ಅಷ್ಟೇ. ಇಂಡೋನೇಷ್ಯಾ ಓಪನ್‌ನಲ್ಲಿ ಜಕಾರ್ತದ ಇಸ್ತೋರಾ ಸ್ಟೇಡಿಯಂ ತುಂಬಿ ಕೂಗುವ ಹಾಗೆ, ಈಗ ಆಲ್ ಇಂಗ್ಲೆಂಡ್ ನಡೆಯುವ ಬರ್ಮಿಂಗ್‌ಹ್ಯಾಂನಲ್ಲಿ ಯಾರು ಕೂಗುತ್ತಾರೆ?

ಇನ್ನೊಂದು ಮುಖ್ಯ ವಿಷಯ. 1980ರಲ್ಲಿ ಚೀನಾದವರು ಈ ಟೂರ್ನಿಯಲ್ಲಿ ಆಡುತ್ತಲೇ ಇರಲಿಲ್ಲ. ಅವರು ಅಂತರರಾಷ್ಟ್ರೀಯ ಒಕ್ಕೂಟಕ್ಕೆ ಸೇರಿದ್ದೇ 1981ರಲ್ಲಿ. ಹಾಗಿರುವಾಗ 1980ರ ಗೆಲುವನ್ನು ಪ್ರಪಂಚ ಗೆದ್ದಿದ್ದು ಅಂತ ಹೇಳಬಹುದಾ? ಪ್ರಕಾಶ್ ಸರ್ ಮೇಲೆ ನನಗೂ ಗೌರವ ಇದೆ. ಆದರೆ ಮಗುವಿಗೆ ಹೇಳುವಾಗ ಪೂರ್ತಿ ಚಿತ್ರ ಹೇಳಬೇಕಲ್ವಾ?

ಮಲ್ಲೇಶ್ವರ ಗಟ್ಟಿಂಗ್ ಉತ್ತರ:

ನಿಮ್ಮ ಮಾತಿನಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದು ಏನೂ ಇಲ್ಲ ತಮ್ಮಾ. ಚೀನಾ ಇರಲಿಲ್ಲ ಅನ್ನೋದು ನಿಜ. ಮಗು ಅದನ್ನೂ ಹೇಳಲಿ. ಆದರೆ ಮುಂದಿನ ವರ್ಷ ಏನಾಯಿತು ಅಂತಲೂ ಹೇಳಲಿ.

1981ರಲ್ಲಿ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಮತ್ತೆ ಅದೇ ಇಬ್ಬರು. ಈ ಸಲ ಕಿಂಗ್ ಮೂರು ಗೇಮ್ ಆಡಿ ಗೆದ್ದರು. ಪಾಠ ಕಲಿತು ಬಂದಿದ್ದರು, ಅದು ಅವರ ದೊಡ್ಡತನ. ಆದರೆ ಅದೇ ವರ್ಷ ಕ್ವಾಲಾಲಂಪುರದಲ್ಲಿ ಮೊದಲ ವಿಶ್ವ ಕಪ್ ನಡೆಯಿತು. ಚೀನಾದವರು ಬಂದರು. ಫೈನಲ್‌ನಲ್ಲಿ ಪ್ರಕಾಶ್ ಅವರ ಎದುರು ನಿಂತಿದ್ದು ಚೀನಾದ ಹಾನ್ ಜಿಯಾನ್. ಸ್ಕೋರ್ ಕೇಳಿ: 15-0, 18-16. ಮೊದಲ ಗೇಮ್‌ನಲ್ಲಿ ಚೀನಾದ ಆಟಗಾರನಿಗೆ ಒಂದೇ ಒಂದು ಪಾಯಿಂಟ್ ಇಲ್ಲ. ಎರಡನೆಯದರಲ್ಲಿ ಅವರು ಪಟ್ಟು ಬಿಡದೆ ಹತ್ತಿರ ಬಂದರು, ಆದರೂ ದಾಟಲಿಲ್ಲ. ನಿಮ್ಮ ಪ್ರಶ್ನೆಗೆ ಅವರು ಕೋರ್ಟ್‌ನಲ್ಲೇ ಉತ್ತರ ಕೊಟ್ಟಿದ್ದಾರೆ ಅಂತ ನಾನು ನಂಬಿದ್ದೇನೆ. 1983ರಲ್ಲಿ ಕೋಪನ್‌ಹೇಗನ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಕೂಡ ಬಂತು, ಅಲ್ಲೂ ಚೀನಾದವರಿದ್ದರು.

ಪಾಯಿಂಟ್ ಲೆಕ್ಕ ನೀವು ಹೇಳಿದ್ದು ಸರಿ. ಜನ ಕೂಗುವುದರಲ್ಲಿ ಜಕಾರ್ತಕ್ಕೆ ಸಾಟಿ ಇಲ್ಲ, ಒಪ್ಪುತ್ತೇನೆ. ಆದರೆ ನೀವೇ ಗಮನಿಸಿ. ಒಲಿಂಪಿಕ್ಸ್ ಚಿನ್ನ ಇದ್ದವರೂ ಮಾರ್ಚ್ ಬಂದರೆ ಆಲ್ ಇಂಗ್ಲೆಂಡ್ ಬಿಡುವುದಿಲ್ಲ. ಚೀನಾದ ಲಿನ್ ಡಾನ್ ಎರಡು ಒಲಿಂಪಿಕ್ಸ್ ಚಿನ್ನದ ಜೊತೆಗೆ ಆರು ಸಲ ಇದನ್ನು ಗೆದ್ದರು. ಎರಡನೇ ಒಲಿಂಪಿಕ್ಸ್ ಚಿನ್ನ ಬಂದು ನಾಲ್ಕು ವರ್ಷದ ಮೇಲೂ, 2016ರಲ್ಲಿ ಬಂದು ಗೆದ್ದು ಹೋದರು. ಅದು ಬರೀ ಪಾಯಿಂಟಿಗಾಗಿ ಅಂತ ನನಗೆ ಅನ್ನಿಸುವುದಿಲ್ಲ. ಯಾರ ಹೆಸರಿನ ಕೆಳಗೆ ತಮ್ಮ ಹೆಸರು ಬರುತ್ತದೆ ಅನ್ನೋದು ಆಟಗಾರರಿಗೆ ಗೊತ್ತಿರುತ್ತದೆ.

ಬಾಣಸವಾಡಿ ಬ್ಯಾಕ್‌ಹ್ಯಾಂಡ್ ಉತ್ತರ:

2001ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಗೋಪಿಚಂದ್ ಅವರನ್ನು ಎಲ್ಲರೂ ಹೈದರಾಬಾದ್‌ಗೆ ಬಿಟ್ಟುಕೊಟ್ಟಿರಾ? ಅವರು ಪ್ರಕಾಶ್ ಸರ್ ಅಕಾಡೆಮಿಯಲ್ಲಿ ಆಡಿದವರು ಅಂತ ಕೇಳಿದ್ದೆ. ನಿಜಾನಾ ಅಣ್ಣಾ?

ಮಲ್ಲೇಶ್ವರ ಗಟ್ಟಿಂಗ್ ಉತ್ತರ:

ನಿಜ. ಪ್ರಕಾಶ್ ಮತ್ತು ವಿಮಲ್ ಕುಮಾರ್ ಸೇರಿ 1994ರಲ್ಲಿ ಇಲ್ಲಿ ಅಕಾಡೆಮಿ ಶುರು ಮಾಡಿದರು. ಜಾಗ ಕರ್ನಾಟಕ ಬ್ಯಾಡ್ಮಿಂಟನ್ ಸಂಸ್ಥೆಯ ಹಾಲ್. ಗೋಪಿಚಂದ್ ಬೆಳೆದಿದ್ದು ಹೈದರಾಬಾದ್, ಆದರೆ ಗಟ್ಟಿಯಾಗಿದ್ದು ಇಲ್ಲಿ. 1994ರಲ್ಲೇ ಆಡುವಾಗ ಮೊಣಕಾಲಿನ ಲಿಗಮೆಂಟ್ ಹರಿದುಹೋಯಿತು. ಆಪರೇಷನ್ ಮೇಲೆ ಆಪರೇಷನ್. ಆಟ ಮುಗಿಯಿತು ಅಂತ ತುಂಬಾ ಜನ ಅಂದುಕೊಂಡಿದ್ದರು.

2001ರ ಮಾರ್ಚ್. ಟೂರ್ನಿ ಆಗಲೇ ವೆಂಬ್ಲಿ ಬಿಟ್ಟು ಬರ್ಮಿಂಗ್‌ಹ್ಯಾಂಗೆ ಬಂದಿತ್ತು, 1994ರಿಂದ ಅಲ್ಲೇ. ಸೆಮಿಫೈನಲ್‌ನಲ್ಲಿ ಡೆನ್ಮಾರ್ಕ್‌ನ ಪೀಟರ್ ಗೇಡ್ ಎದುರು 17-14, 17-15. ಎರಡೂ ಗೇಮ್ ಕೊನೆತನಕ ಎಳೆದಾಡಿದ್ದು. ಫೈನಲ್‌ನಲ್ಲಿ ಚೀನಾದ ಚೆನ್ ಹಾಂಗ್, 15-12, 15-6. ಆಪರೇಷನ್ ಆದ ಮೊಣಕಾಲು ಇಟ್ಟುಕೊಂಡು ಒಂದು ವಾರ ಪೂರ್ತಿ ಆ ಮಟ್ಟದಲ್ಲಿ ಕುಣಿದು ನೆಟ್‌ಗೆ ಬೀಳುವುದು ಅಂದರೆ ಏನು ಅಂತ ನನ್ನ ಅಂಗಡಿಗೆ ಬರುವ ಫಿಸಿಯೋ ಒಬ್ಬರು ತೋರಿಸಿ ಹೇಳಿದ್ದಾರೆ. ಒಂದು ಲಂಜ್‌ನಲ್ಲಿ, ಅಂದರೆ ಕಾಲು ಮುಂದೆ ಚಾಚಿ ಬಾಗುವಾಗ, ಮುಂದಿನ ಕಾಲಿನ ಮೇಲೆ ಬೀಳುವ ಭಾರ ಕೇಳಿಯೇ ನನಗೆ ಗಾಬರಿ ಆಯಿತು. ಗೆದ್ದ ಮೇಲೆ ತಂಪು ಪಾನೀಯದ ಜಾಹೀರಾತು ಬೇಡ ಅಂದರು ಗೋಪಿಚಂದ್. ನಾನೇ ಕುಡಿಯದ್ದನ್ನು ಮಕ್ಕಳಿಗೆ ಕುಡಿಯಿರಿ ಅನ್ನಲಾರೆ ಅನ್ನುವುದು ಅವರ ನಿಲುವು. ಆಗಿನ ಬ್ಯಾಡ್ಮಿಂಟನ್ ಆಟಗಾರನಿಗೆ ದುಡ್ಡು ಎಷ್ಟು ಬೇಕಾಗಿತ್ತು ಅಂತ ಗೊತ್ತಿದ್ದವರಿಗೆ ಆ ಮಾತಿನ ತೂಕ ಗೊತ್ತು.

ಲಕ್ಷ್ಯ ಸೇನ್ ಅವರನ್ನೂ ಸೇರಿಸಿಕೊಳ್ಳಿ. ಊರು ಉತ್ತರಾಖಂಡದ ಅಲ್ಮೋರಾ. ಚಿಕ್ಕ ಹುಡುಗನಾಗಿದ್ದಾಗಲೇ ಇಲ್ಲಿಗೆ ಬಂದರು. 2022ರ ಸೆಮಿಫೈನಲ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಲೀ ಝೀ ಜಿಯಾ ಅವರನ್ನು ಮೂರನೇ ಗೇಮ್‌ನಲ್ಲಿ 21-19ಕ್ಕೆ ಕೆಡವಿದ್ದು ನೋಡಿದ್ದೀರಲ್ಲ. ಫೈನಲ್‌ನಲ್ಲಿ ಡೆನ್ಮಾರ್ಕ್‌ನ ಆಕ್ಸೆಲ್‌ಸೆನ್ 21-10, 21-15ಕ್ಕೆ ಗೆದ್ದರು. ಆವತ್ತು ಆಕ್ಸೆಲ್‌ಸೆನ್ ಮುಂದೆ ಯಾರಿದ್ದರೂ ಕಷ್ಟವೇ ಇತ್ತು. ಪ್ರಕಾಶ್, ಗೋಪಿಚಂದ್, ಸೈನಾ, ಲಕ್ಷ್ಯ. ನಾಲ್ಕೂ ಜನರ ಆಲ್ ಇಂಗ್ಲೆಂಡ್ ದಾರಿಯಲ್ಲಿ ಬೆಂಗಳೂರು ಬರುತ್ತದೆ. ಈ ಊರಿಗೆ ಟ್ರಾಫಿಕ್ ಬಿಟ್ಟು ಬೇರೆ ಹೆಸರಿಲ್ಲ ಅನ್ನುವವರಿಗೆ ಇದನ್ನು ತೋರಿಸಬೇಕು.

ಯಲಹಂಕದ ಅಮ್ಮ ಉತ್ತರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗಳಿಗೆ ಎಲ್ಲ ಓದಿ ಹೇಳಿದೆ. ಮದುವೆ ಹಾಲ್ ವಿಷಯ ಕೇಳಿ ಅವಳಿಗೆ ಆಶ್ಚರ್ಯವೋ ಆಶ್ಚರ್ಯ. ಪಡುಕೋಣೆ–ದ್ರಾವಿಡ್ ಸೆಂಟರ್ ನಮ್ಮ ಕಡೆಯೇ ಇರೋದು, ಅಷ್ಟೊಂದು ಕೋರ್ಟ್ ನೋಡಿ ಬೆಳೆದವಳು. "ಮದುವೆ ಇದ್ದ ದಿನ ಅವರು ಏನು ಪ್ರಾಕ್ಟೀಸ್ ಮಾಡ್ತಿದ್ರು?" ಅಂತ ಕೇಳುತ್ತಿದ್ದಾಳೆ. ಪ್ರಕಾಶ್ ನಾಥ್ ಕಥೆ ಕೇಳಿ ಮಾತ್ರ ಸುಮ್ಮನಾದಳು. ಅದನ್ನೂ ಸೇರಿಸಬೇಕು ಅಂತ ಹಟ.

ಮೂರೇ ನಿಮಿಷ ಇರೋದು. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ? ಆಮೇಲೆ ಸರ್, ಅವಳ ರಾಕೆಟ್‌ಗೆ ಎಷ್ಟು ಪೌಂಡ್ ಹಾಕಿಸಲಿ? ಅವಳೂ 26 ಬೇಕು ಅನ್ನುತ್ತಿದ್ದಾಳೆ.

ಬಸವನಗುಡಿ ಡಬಲ್ಸ್ ಉತ್ತರ:

ನಾಥ್ ಕಥೆ ಖಂಡಿತ ಇಟ್ಟುಕೊಳ್ಳಲಿ. ಗೆದ್ದವರ ಬಗ್ಗೆ ಮಾತಾಡೋದಕ್ಕೆ ತುಂಬಾ ಜನ ಇದ್ದಾರೆ. ಸಾಧ್ಯವಾದರೆ ಜೂಡಿ ಅವರ ಹೆಸರು ಒಂದು ಸಲ ಬರಲಿ, ಹತ್ತು ಸಲ ಗೆದ್ದರು ಅಂತ ಒಂದೇ ವಾಕ್ಯ ಸಾಕು. ಕ್ಲಾಸಿನ ಹೆಣ್ಣುಮಕ್ಕಳು ಕೇಳಿಸಿಕೊಳ್ಳುತ್ತಾರೆ.

ಮಲ್ಲೇಶ್ವರ ಗಟ್ಟಿಂಗ್ ಉತ್ತರ:

ಮೂರು ನಿಮಿಷಕ್ಕೆ 1947 ಮತ್ತು 1980 ಸಾಕು. ಇಬ್ಬರ ಹೆಸರೂ ಪ್ರಕಾಶ್, ಕೇಳುವ ಮಕ್ಕಳಿಗೆ ಗೊಂದಲ ಆಗದ ಹಾಗೆ ನಾಥ್, ಪಡುಕೋಣೆ ಅಂತಲೇ ಹೇಳಲಿ. ಹಳೆಯ 15ರ ಲೆಕ್ಕವನ್ನು ಫೈನಲ್ ಸ್ಕೋರ್ ಹೇಳುವ ಮೊದಲೇ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ 15-3ರ ಬೆಲೆ ಯಾರಿಗೂ ತಿಳಿಯಲ್ಲ. ಹಾರ್ಟೊನೊ, ಥಾಮಸ್ ಎಲ್ಲ ಬಿಡಲಿ. ಲಿಯೆಂ ಸ್ವೀ ಕಿಂಗ್ ಹೆಸರು ಮಾತ್ರ ಸ್ಪಷ್ಟವಾಗಿ, ಗೌರವದಿಂದ ಹೇಳಲಿ. ಅವರು ಎಷ್ಟು ದೊಡ್ಡ ಆಟಗಾರ ಅಂತ ತಿಳಿದರೆ ತಾನೇ ಗೆಲುವು ಎಷ್ಟು ದೊಡ್ಡದು ಅಂತ ತಿಳಿಯೋದು.

ಮದುವೆ ಇದ್ದ ದಿನ ಅವರು ಏನು ಮಾಡುತ್ತಿದ್ದರೋ, ನಿಮ್ಮ ಮಗಳಿಗೆ ನನ್ನ ಸಲಹೆ ಇಷ್ಟು. ಕೋರ್ಟ್ ಸಿಗದ ದಿನ ಮನೆಯ ಗೋಡೆಗೆ ಹಳೇ ಕಾಕ್ ಹೊಡೆಯಲಿ. ಜೋರಾಗಿ ಅಲ್ಲ, ಹತ್ತಿರ ನಿಂತು, ಮಣಿಕಟ್ಟಿನಲ್ಲೇ. ಕೆಳಗಿನ ಮನೆಯವರಿಗೆ ಮೊದಲೇ ಹೇಳಿಡಿ.

ರಾಕೆಟ್‌ಗೆ 20, ಹೆಚ್ಚೆಂದರೆ 22. ಹನ್ನೆರಡು ವರ್ಷದ ತೋಳಿಗೆ 26 ಹಾಕಿದರೆ ಮೊಣಕೈ ನೋವು ಗ್ಯಾರಂಟಿ. ಕೇಳಿದರೆ ನಾನು ಬೇಡ ಅಂದೆ ಅಂತ ಹೇಳಿ. ಮಲ್ಲೇಶ್ವರದ ಕಡೆ ಬಂದರೆ ಅವಳನ್ನೂ ಕರೆದುಕೊಂಡು ಬನ್ನಿ, ಹಿಡಿ ದಪ್ಪ ಸರಿ ಇದೆಯಾ ಅಂತಲೂ ನೋಡಿ ಗ್ರಿಪ್ ಸುತ್ತಿಕೊಡುತ್ತೇನೆ.